ಗಾಡಿಯ ಜೊತೆ ಪುಸ್ತಕವನ್ನೂ ಕೊಟ್ಟೆವು

ದಲ್ಲಾಳಿ ಗಾಡಿಯ ಸುತ್ತ ಒಂದು ಸುತ್ತು ಬಂದ. ಹಿಂದಿನ ಬಾಗಿಲು ತೆಗೆಯಲಿಲ್ಲ, ಸೀಟು ಎತ್ತಿ ಇಂಜಿನ್ ನೋಡಲಿಲ್ಲ, ಕೀ ಕೂಡ ಕೇಳಲಿಲ್ಲ. "ಹದಿನೇಳರ ಮಾಡೆಲ್, ಒಂದು ಅರವತ್ತರ ಮೇಲೆ ಓಡಿದೆ. ಒಂದು ಎಪ್ಪತ್ತು ಕೊಡ್ತೀನಿ, ದುಡ್ಡು ಈಗಲೇ ಕೈಗೆ" ಎಂದ. ನನ್ನ ತಮ್ಮ ಡ್ಯಾಶ್‌ಬೋರ್ಡಿನಿಂದ ನೀಲಿ ರಟ್ಟಿನ ಪುಸ್ತಕ ತೆಗೆದು ಅವನ ಮುಂದೆ ಹಿಡಿದ. ಆತ ಅದನ್ನು ತೆರೆಯದೆ ವಾಪಸ್ ಕೊಟ್ಟ. "ಇದನ್ನೆಲ್ಲ ಯಾರು ನೋಡ್ತಾರೆ ಅಣ್ಣಾ? ರೇಟು ಮಾಡೆಲ್ ಮೇಲೆ."

ಆ ಗಾಡಿ ನಮ್ಮ ಹಾಸನದ ಬೇಕರಿಯದು. 2017ರ ಯುಗಾದಿಗೆ ಕೊಂಡ ಮಾರುತಿ ಈಕೋ ಕಾರ್ಗೋ, ಪೆಟ್ರೋಲ್, ಹಳದಿ ಬೋರ್ಡು. ಬೆಳಿಗ್ಗೆ ಐದಕ್ಕೆ ಬ್ರೆಡ್ಡು, ಬನ್ನು, ರಸ್ಕು ತುಂಬಿಕೊಂಡು ಆಲೂರು, ಸಕಲೇಶಪುರದ ಕಡೆ ಒಂದು ದಿನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಇನ್ನೊಂದು ದಿನ. ಎಂಟು ವರ್ಷ ಹೀಗೆಯೇ ಓಡಿತು. ನೀಲಿ ಪುಸ್ತಕದಲ್ಲಿ ತಮ್ಮ ಮೊದಲ ದಿನದಿಂದ ಎಲ್ಲವನ್ನೂ ಬರೆದಿಟ್ಟಿದ್ದ. ಆಯಿಲ್ ಬದಲಿಸಿದ ತಾರೀಕು, ಆಗ ಮೀಟರ್ ತೋರಿಸಿದ ಕಿಲೋಮೀಟರ್, ಬ್ರೇಕ್ ಶೂ, ಕ್ಲಚ್ ಪ್ಲೇಟ್, ಬ್ಯಾಟರಿ, ಟೈರು, ಕೊಟ್ಟ ಹಣ ಎಲ್ಲ ಅದರಲ್ಲಿದ್ದವು. ಬಿಲ್ಲುಗಳನ್ನು ಹಿಂದಿನ ಪುಟಗಳಿಗೆ ಪಿನ್ನು ಹಾಕಿ ಸೇರಿಸಿದ್ದ.

ದಲ್ಲಾಳಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನು ಗಾಡಿ ಕೊಳ್ಳುವುದು ಓಡಿಸುವುದಕ್ಕಲ್ಲ. ಹತ್ತಿಪ್ಪತ್ತು ದಿನದಲ್ಲಿ ಇನ್ನೊಬ್ಬರಿಗೆ ದಾಟಿಸಬೇಕು, ನಡುವೆ ತನ್ನ ಕೂಲಿ ಉಳಿಯಬೇಕು. ಅವನ ಲೆಕ್ಕಕ್ಕೆ ವರ್ಷ, ಕಿಲೋಮೀಟರ್, ಮೇಲಿನ ಬಣ್ಣ ಇಷ್ಟಿದ್ದರೆ ಸಾಕು. ಚೆನ್ನಾಗಿ ನೋಡಿಕೊಂಡ ಗಾಡಿಯೂ ಕೈಬಿಟ್ಟ ಗಾಡಿಯೂ ಅವನ ಅಂಗಳದಲ್ಲಿ ಅಕ್ಕಪಕ್ಕ ನಿಂತಾಗ ಹೆಚ್ಚುಕಡಿಮೆ ಒಂದೇ ಬೆಲೆಗೆ ಬಂದು ನಿಲ್ಲುತ್ತವೆ. ಎಂಟು ವರ್ಷದ ಜೋಪಾನಕ್ಕೆ ಬೆಲೆ ಕೊಡುವವನು ಒಬ್ಬನೇ: ನಾಳೆ ಬೆಳಿಗ್ಗೆ ಅದೇ ಗಾಡಿಯನ್ನು ತಾನೇ ಓಡಿಸಿ ಹೊಟ್ಟೆ ಹೊರೆಯಬೇಕಾದವನು. ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಅವನಿಗೆ ಆ ದಿನದ ದುಡಿಮೆಯೇ ಹೋಯಿತು. ಅದಕ್ಕೇ ಅವನು ಪುಸ್ತಕ ತೆರೆದು ನೋಡುತ್ತಾನೆ. ಮಾಲು ಸಾಗಿಸುವ ವ್ಯಾನನ್ನು ಚೆನ್ನಾಗಿ ಇಟ್ಟುಕೊಂಡವರು ತಾವೇ ಮಾರಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ಅದಕ್ಕೆ ಒಂದೆರಡು ತಿಂಗಳ ತಾಳ್ಮೆ ಬೇಕು, ಕಾಗದಪತ್ರದ ಶಿಸ್ತು ಬೇಕು. ಎರಡೂ ಇಲ್ಲದವರಿಗೆ ದಲ್ಲಾಳಿಯೇ ವಾಸಿ.

ಮಾರಾಟದ ಕೆಲಸ ಶುರುವಾಗಬೇಕಾದದ್ದು ಕಾಗದದಿಂದ. ಗಾಡಿ ತೊಳೆಯುವುದು, ಫೋಟೋ ತೆಗೆಯುವುದು ಆಮೇಲೆ. ಒಂದು ಸಂಜೆ ಕುಳಿತು ನಮ್ಮ ಆರ್‌ಸಿಯನ್ನು ಸಾಲು ಸಾಲಾಗಿ ಓದಿದಾಗ ಮೂರು ಕೊಕ್ಕೆಗಳು ಕಂಡವು. ಮೂರೂ ಈ ರಾಜ್ಯದ ಬಹಳಷ್ಟು ಗಾಡಿ ಮಾಲೀಕರಿಗೆ ಎದುರಾಗುವಂಥವೇ.

ಮೊದಲನೆಯದು ಸಾಲದ ನಮೂದು. ಗಾಡಿಯ ಸಾಲ 2021ರಲ್ಲೇ ತೀರಿತ್ತು, ಆದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಹಾಗೇ ಉಳಿದಿತ್ತು. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಸಾಲ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಮತ್ತು ಸಹಿ ಮಾಡಿದ ಫಾರಂ 35 ತಂದು ಆರ್‌ಟಿಒದಲ್ಲಿ ತೆಗೆಸಬೇಕು. ಅದು ಇರುವ ತನಕ ಅವರ ಒಪ್ಪಿಗೆಯಿಲ್ಲದೆ ಗಾಡಿ ಇನ್ನೊಬ್ಬರ ಹೆಸರಿಗೆ ಹೋಗದು.

ಎರಡನೆಯದು ನಂಬರ್ ಪ್ಲೇಟು. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷತೆಯ ಪ್ಲೇಟು ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಗಡುವು ಮತ್ತೆ ಮತ್ತೆ ಮುಂದೆ ಹೋಗುತ್ತಿದೆ ಎಂದು ನಾವೂ ಮುಂದೂಡಿದ್ದೆವು. ಮಾಲೀಕತ್ವ ವರ್ಗಾವಣೆಗೆ ಹೋದಾಗ ಆ ಪ್ಲೇಟು ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಮೂರನೆಯದು ಯಾರಿಗೂ ಹೊಳೆಯದ ಸಂಗತಿ, ಮೊಬೈಲ್ ನಂಬರು. ಈಗ ವರ್ಗಾವಣೆಯ ಅರ್ಜಿ ಪರಿವಾಹನ್ ಜಾಲತಾಣದಲ್ಲಿ ಹೋಗುತ್ತದೆ, ಒಟಿಪಿ ಬರುವುದು ನೋಂದಣಿಯಲ್ಲಿರುವ ನಂಬರಿಗೆ. ನಮ್ಮ ಗಾಡಿಗೆ ಕೊಟ್ಟಿದ್ದು ಅಪ್ಪನ ಹಳೆಯ ನಂಬರು. ಆ ಸಿಮ್ಮು ಬಂದ್ ಆಗಿ ವರ್ಷಗಳೇ ಆಗಿದ್ದವು. ಕೊಳ್ಳುವವನನ್ನು ಎದುರಿಗೆ ಕೂರಿಸಿಕೊಂಡು ಈ ತೊಡಕು ಬಿಡಿಸುವುದಕ್ಕಿಂತ ಮೊದಲೇ ನಂಬರ್ ಬದಲಿಸಿಕೊಂಡದ್ದು ಒಳ್ಳೆಯದಾಯಿತು.

ಇವುಗಳ ಜೊತೆಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು. ಮಾಲು ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಎಂಟರ ಗಡಿ ದಾಟಿದ ನಮ್ಮ ಗಾಡಿಗೆ ಮಾರುವ ಹೊತ್ತಿಗೆ ಇನ್ನೂ ನಾಲ್ಕು ತಿಂಗಳ ಎಫ್‌ಸಿ ಇತ್ತು. ತಿಂಗಳೊಪ್ಪತ್ತಿನಲ್ಲಿ ಮುಗಿಯುವಂತಿದ್ದರೆ ಹೊಸದಾಗಿ ಮಾಡಿಸಿಯೇ ಮಾರಿ. ಕೊಂಡವನು ಮಾರನೆಯ ದಿನವೇ ಗಾಡಿ ಕಟ್ಟಬೇಕು. ಎಫ್‌ಸಿಗಾಗಿ ವಾರ ನಿಲ್ಲಿಸಬೇಕಾದ ಗಾಡಿಗೆ ಅವನು ಬೆಲೆ ಮುರಿಯದೆ ಬಿಡುವುದಿಲ್ಲ. ವಿಮೆ, ಹೊಗೆ ತಪಾಸಣೆಯ ಸರ್ಟಿಫಿಕೇಟು, ತೆರಿಗೆ ರಸೀದಿ ಒಂದೇ ಕವರಿನಲ್ಲಿರಲಿ. ಗಾಡಿಯ ನಂಬರ್ ಹಾಕಿ ಬಾಕಿ ದಂಡ ಎಷ್ಟಿದೆಯೆಂದು ನೋಡಿ ಕಟ್ಟಿಬಿಡಿ. ಸಿಎನ್‌ಜಿ ಗಾಡಿಯಾದರೆ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಆಗಬೇಕಾದ ಒತ್ತಡ ಪರೀಕ್ಷೆಯ ಸರ್ಟಿಫಿಕೇಟನ್ನು ತಿಳಿದವರು ಕೇಳಿಯೇ ಕೇಳುತ್ತಾರೆ.

ಕಾಗದ ಸರಿಯಾದ ಮೇಲೆ ಗಾಡಿಯ ಕಡೆ ತಿರುಗಿದೆವು. ಮಾರುವ ಮುಂಚೆ ಪೇಂಟ್ ಹೊಡೆಸುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಮಾಡಬೇಡಿ. ಹಳೆಯ ಗಾಡಿಯ ಮೇಲೆ ಹೊಸ ಬಣ್ಣ ಕಂಡರೆ, ಇದರ ಕೆಳಗೆ ಏನನ್ನು ಮುಚ್ಚಿದ್ದಾರೆ ಎನ್ನುವ ಪ್ರಶ್ನೆಯೇ ಮೊದಲು ಏಳುತ್ತದೆ. ನಮ್ಮ ಗಾಡಿಯ ಎಡಗಡೆ ಹಿಂಭಾಗ ಒಂದು ಗೇಟಿಗೆ ಉಜ್ಜಿ ಅಷ್ಟು ಜಾಗಕ್ಕೆ ಮಾತ್ರ 2021ರಲ್ಲಿ ಟಿಂಕರಿಂಗ್, ಪೇಂಟಿಂಗ್ ಆಗಿತ್ತು. ಬಿಲ್ಲು ಪುಸ್ತಕದಲ್ಲಿತ್ತು, ಹಾಗೇ ಬಿಟ್ಟೆವು. ಹಣ ಹಾಕಿದ್ದು ಸಣ್ಣ ಸಣ್ಣ ಕೆಲಸಗಳಿಗೆ: ಪಕ್ಕದ ಜಾರುಬಾಗಿಲಿನ ಸವೆದ ರೋಲರು, ಉರಿಯದ ರಿವರ್ಸ್ ಲೈಟು, ಗಟ್ಟಿಯಾಗಿದ್ದ ವೈಪರ್ ರಬ್ಬರು. ಹಿಂದಿನ ನೆಲದ ರಬ್ಬರ್ ಮ್ಯಾಟು ಎತ್ತಿದಾಗ ಎರಡು ಕಡೆ ತುಕ್ಕು ಕಂಡಿತು. ಉಜ್ಜಿ ರೆಡ್ ಆಕ್ಸೈಡ್ ಹೊಡೆದೆವು, ಆದರೆ ಮ್ಯಾಟನ್ನು ಮತ್ತೆ ಅಂಟಿಸಲಿಲ್ಲ. ಬಂದವರು ತಾವೇ ಎತ್ತಿ ನೋಡಲಿ ಎಂದು ಸುಮ್ಮನೆ ಹಾಸಿದೆವು.

ಎರಡೂ ಪಕ್ಕದಲ್ಲಿದ್ದ ಬೇಕರಿಯ ಹೆಸರು, ಫೋನ್ ನಂಬರಿನ ಸ್ಟಿಕ್ಕರ್ ತೆಗೆಯುವುದಕ್ಕೇ ಅರ್ಧ ದಿನ ಹಿಡಿಯಿತು. ಇದು ಚಿಕ್ಕ ವಿಷಯವಲ್ಲ. ನಿಮ್ಮ ಅಂಗಡಿಯ ಹೆಸರು ಹೊತ್ತ ಗಾಡಿಯನ್ನು ಇನ್ನೊಬ್ಬ ಓಡಿಸುವಾಗ ಅವನ ಅವಸರ, ಅವನ ಜಗಳ ಎಲ್ಲ ನಿಮ್ಮ ಫೋನಿಗೇ ಬರುತ್ತವೆ. ಬಿಸಿ ಗಾಳಿ ಊದುತ್ತ ಅಕ್ಷರಗಳನ್ನು ಒಂದೊಂದಾಗಿ ಎಬ್ಬಿಸಿದೆವು. ಎಂಟು ವರ್ಷದ ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿ, ಅಕ್ಷರ ಇದ್ದ ಜಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ತಮ್ಮ ಆ ದಿನ ಹೆಚ್ಚು ಮಾತಾಡಲಿಲ್ಲ.

ಬೆಲೆ ಕಟ್ಟುವಾಗ ಪ್ರೀತಿಯನ್ನು ಪಕ್ಕಕ್ಕಿಡಬೇಕು. ಜಾಹೀರಾತುಗಳಲ್ಲಿ ಕಾಣುವುದು ಕೇಳುವ ಬೆಲೆ, ಆದ ಬೆಲೆಯಲ್ಲ. ಅದನ್ನು ತಿಳಿಯಲು ನಾವು ಹಿಡಿದ ದಾರಿ ಗೂಡ್ಸ್ ಗಾಡಿಗಳ ಸ್ಟ್ಯಾಂಡು. ಇತ್ತೀಚೆಗೆ ಕೊಂಡವರು, ಕೊಟ್ಟವರು ಅಲ್ಲೇ ಸಿಗುತ್ತಾರೆ, ನಿಜವಾದ ಅಂಕಿ ಹೇಳುತ್ತಾರೆ. ಇನ್ನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಿತ್ತು. 2025ರ ಸೆಪ್ಟೆಂಬರ್ 22ರಿಂದ ಮಾಲು ಸಾಗಿಸುವ ಹೊಸ ಗಾಡಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದೂ ಇಳಿಯಲೇಬೇಕು. ಇಳಿಕೆಗೆ ಮುಂಚಿನ ಬೆಲೆಯನ್ನೇ ತಲೆಯಲ್ಲಿಟ್ಟುಕೊಂಡು ಕೂತಿದ್ದರೆ ಗಾಡಿ ಇಂದಿಗೂ ಅಂಗಡಿಯ ಮುಂದೆಯೇ ನಿಂತಿರುತ್ತಿತ್ತು. ಸುತ್ತಮುತ್ತ ಆದ ವ್ಯಾಪಾರಗಳನ್ನು ನೋಡಿ, ಸವೆದ ಎರಡು ಟೈರಿಗೆ ಇಷ್ಟು ಎಂದು ಕಳೆದು, ಉಳಿದ ಎಫ್‌ಸಿ, ವಿಮೆಗೆ ಇಷ್ಟು ಎಂದು ಕೂಡಿಸಿ, ಎರಡು ಲಕ್ಷದ ಐವತ್ತು ಸಾವಿರ ಎಂದು ನಿಗದಿ ಮಾಡಿದೆವು. ಎರಡು ಲಕ್ಷದ ಇಪ್ಪತ್ತೈದು ಸಾವಿರಕ್ಕಿಂತ ಕೆಳಗೆ ಇಳಿಯಬಾರದು ಎಂಬ ಮಾತು ಮನೆಯೊಳಗೇ ಇತ್ತು.

ತೆರಿಗೆಯ ಬಗ್ಗೆಯೂ ಒಂದು ಮಾತು. ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯರು ತಮ್ಮ ಹಳೆಯ ಗಾಡಿ ಮಾರಿದರೆ ಜಿಎಸ್‌ಟಿ ಇಲ್ಲ. ನೋಂದಣಿ ಇರುವ ವ್ಯಾಪಾರದ ಹೆಸರಿನಲ್ಲಿರುವ ಗಾಡಿಯಾದರೆ, ಸವಕಳಿ ಕಳೆದು ಲೆಕ್ಕಪುಸ್ತಕದಲ್ಲಿ ಉಳಿದ ಮೌಲ್ಯಕ್ಕಿಂತ ಹೆಚ್ಚಿಗೆ ಬಂದ ಹಣದ ಮೇಲೆ ಮಾತ್ರ ಶೇ 18ರ ತೆರಿಗೆ ಬರುತ್ತದೆ. ಕೊಂಡಾಗ ತೆರಿಗೆ ಜಮೆ ಪಡೆದಿದ್ದರೆ ಲೆಕ್ಕವೇ ಬೇರೆ. ಆದ್ದರಿಂದ ಬೆಲೆ ಬಾಯಿಬಿಡುವ ಮೊದಲು ನಿಮ್ಮ ಲೆಕ್ಕ ನೋಡುವವರನ್ನು ಒಮ್ಮೆ ಕೇಳಿ.

ಜಾಹೀರಾತಿನಲ್ಲಿ ನಾವು ಹಾಕಿದ್ದು ಇಷ್ಟೇ: "ಮಾರುತಿ ಈಕೋ ಕಾರ್ಗೋ, ಪೆಟ್ರೋಲ್, 2017, ಒಬ್ಬರೇ ಮಾಲೀಕರು, 1,62,000 ಕಿ.ಮೀ. ಬೇಕರಿ ಮಾಲು ಮಾತ್ರ ಹೊತ್ತಿದೆ. ಎಂಟು ವರ್ಷದ ಸರ್ವಿಸ್ ಪುಸ್ತಕ, ಬಿಲ್ಲು ಇವೆ. ಎಡ ಹಿಂಭಾಗ ಒಮ್ಮೆ ಟಿಂಕರಿಂಗ್ ಆಗಿದೆ. ಬೆಳಗಿನ ಚಳಿಯಲ್ಲಿ ಎರಡನೇ ಗೇರು ಸ್ವಲ್ಪ ಬಿಗಿ. ಹಿಂದಿನ ಎರಡು ಟೈರು ಬದಲಿಸಬೇಕು. ಎಫ್‌ಸಿ, ವಿಮೆ ಮಾರ್ಚ್ ತನಕ." ಕೊರತೆಗಳನ್ನು ಮೊದಲೇ ಬರೆದರೆ ಜನ ಬರುವುದಿಲ್ಲ ಎಂದು ಅಕ್ಕಪಕ್ಕದವರು ಹೇಳಿದರು. ಆಗಿದ್ದೇ ಬೇರೆ. ಫೋನು ಮಾಡಿದವರು ಕಡಿಮೆ, ಆದರೆ ಫೋನು ಮಾಡಿದವರೆಲ್ಲ ಗಾಡಿ ನೋಡಲು ಬಂದರು. ಮೀಟರ್ ತಿರುಗಿಸಿ ಎಂಬತ್ತು ಸಾವಿರ ತೋರಿಸುವವರು ಈ ಪೇಟೆಯಲ್ಲಿ ಇದ್ದಾರೆ. ಪ್ರತಿ ಆಯಿಲ್ ಬದಲಾವಣೆಯ ಎದುರು ಕಿಲೋಮೀಟರ್ ಬರೆದ ಪುಸ್ತಕ ಜೊತೆಗಿದ್ದರೆ ಒಂದು ಲಕ್ಷದ ಅರವತ್ತೆರಡು ಸಾವಿರ ಎಂಬ ದೊಡ್ಡ ಅಂಕಿಯೂ ಹೆದರಿಸುವುದಿಲ್ಲ.

ಸಮಯವನ್ನೂ ನೋಡಿಕೊಳ್ಳಬೇಕು. ಯುಗಾದಿ, ಆಯುಧಪೂಜೆ, ದೀಪಾವಳಿಯ ಆಸುಪಾಸಿನಲ್ಲಿ ಗಾಡಿ ಕೇಳುವವರು ಜಾಸ್ತಿ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಕೊಳ್ಳಲು ಮನಸ್ಸಿದ್ದವರೂ ಒಳ್ಳೆಯ ದಿನ ಬರಲಿ ಎಂದು ಕಾಯುತ್ತಾರೆ. ಜಾಹೀರಾತಿನಲ್ಲಿ ಆರ್‌ಸಿ, ಆಧಾರ್ ಫೋಟೋ ಹಾಕಬೇಡಿ. ಜೆರಾಕ್ಸ್ ಕೊಡಬೇಕಾಗಿ ಬಂದರೆ ಅದರ ಮೇಲೆ ಅಡ್ಡಲಾಗಿ "ಈ ಗಾಡಿಯ ಮಾರಾಟಕ್ಕೆ ಮಾತ್ರ" ಎಂದು ಬರೆದು ತಾರೀಕು ಹಾಕಿ.

ಮೊದಲು ಬಂದ ಫೋನು ಗಾಡಿ ನೋಡದೆಯೇ ಪೂರ್ತಿ ಬೆಲೆಗೆ ಒಪ್ಪಿದವನದು. ದೂರದ ಊರಿನಲ್ಲಿ ಸೇನೆಯಲ್ಲಿದ್ದೇನೆ, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದ. ದೇಶದಾದ್ಯಂತ ಬಹಳ ಜನ ಕಳೆದುಕೊಂಡದ್ದು ಇದೇ ಬಲೆಯಲ್ಲಿ. ಯುಪಿಐಯಲ್ಲಿ ಪಿನ್ ಒತ್ತುವುದು ಹಣ ಕೊಡುವಾಗ ಮಾತ್ರ, ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಈ ಒಂದು ಮಾತನ್ನು ಮನೆಯವರಿಗೆಲ್ಲ ಹೇಳಿಟ್ಟಿರಿ.

ಎರಡನೆಯವರು ನೀರಿನ ಕ್ಯಾನ್ ಹಾಕುವವರು. ಗಾಡಿ ಇಷ್ಟವಾಯಿತು, ಬೆಲೆಗೂ ಹತ್ತಿರ ಬಂದರು. ಇಪ್ಪತ್ತು ಲೀಟರಿನ ಕ್ಯಾನು ಎಷ್ಟು ಹೇರುತ್ತೀರಿ ಎಂದು ತಮ್ಮ ಕೇಳಿದ. ನಲವತ್ತು ಎಂದರು. ನೀರೇ ಎಂಟುನೂರು ಕೆಜಿ ಆಯಿತು. "ಅಣ್ಣಾ, ಇದು ಬ್ರೆಡ್ ಹೊತ್ತ ಗಾಡಿ, ಅಷ್ಟು ಭಾರಕ್ಕೆ ಮಾಡಿದ್ದಲ್ಲ. ತೆರೆದ ಬಾಡಿಯ ಗೂಡ್ಸ್ ಗಾಡಿ ನೋಡಿ, ನಿಮಗೆ ಅದೇ ಸರಿ" ಎಂದು ಹೇಳಿ ಕಳಿಸಿದೆವು. ಕೈಗೆ ಬಂದ ಗಿರಾಕಿಯನ್ನು ಬಿಟ್ಟರು ಎಂದು ಅಪ್ಪನಿಗೆ ಬೇಸರವಾಯಿತು. ಆದರೆ ತಪ್ಪು ಕೆಲಸಕ್ಕೆ ಗಾಡಿ ಕೊಟ್ಟರೆ ಆರು ತಿಂಗಳಿಗೆ ಅದೂ ಕೆಡುತ್ತದೆ, ಕೊಂಡವರ ಬಾಯಲ್ಲಿ ನಮ್ಮ ಹೆಸರೂ ಕೆಡುತ್ತದೆ. ಒಂದೇ ಊರಿನಲ್ಲಿ ವ್ಯಾಪಾರ ಮಾಡಿಕೊಂಡು ಬಾಳುವವರಿಗೆ ಆ ಹೆಸರು ದೊಡ್ಡದು.

ಮೂರನೆಯವರಾಗಿ ಬಂದವರು ಅರಕಲಗೂಡು ಕಡೆಯ ಒಬ್ಬ ಮೊಟ್ಟೆ ವ್ಯಾಪಾರಿ, ಮೂವತ್ತರ ಆಸುಪಾಸಿನ ಹುಡುಗ. ಜೊತೆಗೆ ತನ್ನ ಮೆಕ್ಯಾನಿಕ್ಕನ್ನೂ, ಮೊಟ್ಟೆಯ ಒಂದು ಟ್ರೇಯನ್ನೂ ತಂದಿದ್ದ. ಅವರು ಬರುವ ಮುಂಚೆ ತಮ್ಮ ಗಾಡಿಯನ್ನು ಸ್ಟಾರ್ಟ್ ಮಾಡಿರಲಿಲ್ಲ. ಬಿಸಿಯಾದ ಇಂಜಿನ್ ಎಷ್ಟೋ ದೋಷಗಳನ್ನು ಬಚ್ಚಿಡುತ್ತದೆ ಎಂಬುದು ತಿಳಿದವರಿಗೆ ಗೊತ್ತು. ಮೆಕ್ಯಾನಿಕ್ ಸೀಟು ಎತ್ತಿ ಇಂಜಿನ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. "ಸರಿ, ಈಗ ಹಾಕಿ" ಎಂದ. ಒಂದೇ ಸೆಲ್ಫಿಗೆ ಎದ್ದಿತು. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗಿಂದ ಹೊಗೆ ತಳ್ಳುತ್ತಿದೆಯೇ ನೋಡಿದ, ಮುಚ್ಚಳದ ಒಳಮೈಯನ್ನು ಬೆರಳಿನಿಂದ ಒರೆಸಿ ಬಿಳಿ ಜಿಡ್ಡಿದೆಯೇ ಎಂದು ಪರೀಕ್ಷಿಸಿದ. ಗಾಡಿಯ ಕೆಳಗೆ ಮಲಗಿ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಅಲ್ಲಾಡಿಸಿದ. ಒಳಗೆ ಬಂದು ಮ್ಯಾಟು ಎತ್ತಿ ತುಕ್ಕು ನೋಡಿದ, ಏನೂ ಹೇಳಲಿಲ್ಲ. ಆಮೇಲೆ ಪುಸ್ತಕ ಕೇಳಿ ಕಟ್ಟೆಯ ಮೇಲೆ ಕುಳಿತು ಹತ್ತು ನಿಮಿಷ ಓದಿದ.

ಓಡಿಸಿ ನೋಡುವ ಹೊತ್ತಿಗೆ ಆ ಹುಡುಗನ ಲೈಸೆನ್ಸ್ ನೋಡಿದೆವು, ತಮ್ಮ ಪಕ್ಕದಲ್ಲಿ ಕುಳಿತ. ಖಾಲಿ ಗಾಡಿ ಎಲ್ಲಿಯಾದರೂ ಹತ್ತುತ್ತದೆ, ಅದಕ್ಕೇ ನಮ್ಮ ಗೋಡೌನಿನಿಂದ ಐವತ್ತು ಕೆಜಿಯ ಆರು ಮೂಟೆ ಮೈದಾ ನಾವೇ ಹೇರಿಸಿದೆವು. ಊರಾಚೆಯ ಏರು ಹತ್ತಿಸಿ ಬಂದ ಮೇಲೆ ಮೂಟೆಗಳನ್ನು ಇಳಿಸಿ ಆ ಹುಡುಗ ತನ್ನ ಮೊಟ್ಟೆಯ ಟ್ರೇಯನ್ನು ಹಿಂದಿನ ನೆಲದ ಮೇಲೆ, ಸರಿಯಾಗಿ ಚಕ್ರದ ನೇರಕ್ಕೆ ಇಟ್ಟ. ಕೆಟ್ಟ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಿ ಬಂದರು. ಮೂವತ್ತರಲ್ಲಿ ಒಂದು ಮಾತ್ರ ಬಿರುಕು ಬಿಟ್ಟಿತ್ತು. ಅವನು ನಕ್ಕ. ಎಂಟು ವರ್ಷ ಹಗುರ ಮಾಲು ಹೊತ್ತು ಬಂದ ಹಿಂದಿನ ಸಸ್ಪೆನ್ಷನ್ನಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಹತ್ತಿರವೂ ಇರಲಿಲ್ಲ.

ಅವನಿಗೆ ಎರಡು ಸಂಶಯಗಳಿದ್ದವು. ಪರ್ಮಿಟ್ ಬೇಕೇ? ಒಟ್ಟು ತೂಕ ಮೂರು ಸಾವಿರ ಕೆಜಿ ಮೀರದ ಮಾಲು ಗಾಡಿಗೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಕಿಲ್ಲ. ಕಾರಿನ ಲೈಸೆನ್ಸ್ ಮಾತ್ರ ಇದೆ, ಹಳದಿ ಬೋರ್ಡು ಓಡಿಸಬಹುದೇ? ಓಡಿಸಬಹುದು. ಲಘು ವಾಹನದ ಲೈಸೆನ್ಸ್ ಇದ್ದವರು ಏಳೂವರೆ ಸಾವಿರ ಕೆಜಿಯೊಳಗಿನ ಸಾರಿಗೆ ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಇಂಥ ಉತ್ತರಗಳು ಮಾರುವವರ ಬಾಯಲ್ಲಿ ಸಿದ್ಧವಾಗಿದ್ದರೆ ಕೊಳ್ಳುವವನ ಅರ್ಧ ಹೆದರಿಕೆ ಕಳೆಯುತ್ತದೆ.

ಚೌಕಾಸಿ ಹೆಚ್ಚು ಹೊತ್ತು ನಡೆಯಲಿಲ್ಲ. ಟೈರು ನಾವೇ ಬರೆದಿದ್ದೆವು, ಗೇರು ನಾವೇ ಹೇಳಿದ್ದೆವು. ಹೊಸದಾಗಿ ತೋರಿಸಿ ಬೆಲೆ ಮುರಿಯಲು ಮೆಕ್ಯಾನಿಕ್ಕಿಗೆ ತುಕ್ಕು ಒಂದೇ ಸಿಕ್ಕಿತು. ಎರಡು ಲಕ್ಷದ ಮೂವತ್ತೆರಡು ಸಾವಿರಕ್ಕೆ ಮಾತಾಯಿತು. ದಲ್ಲಾಳಿಯ ಬೆಲೆಗಿಂತ ಅರವತ್ತೆರಡು ಸಾವಿರ ಹೆಚ್ಚು. ಎಂಟು ವರ್ಷ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ್ದರ, ಬರೆದಿಟ್ಟದ್ದರ ಫಲ ಎಂದೇ ನಾನು ಅದನ್ನು ನೋಡುತ್ತೇನೆ. ಹಣ ಬ್ಯಾಂಕಿನಿಂದ ಬ್ಯಾಂಕಿಗೇ ಬರಲಿ ಎಂದೆವು. ಒಂದು ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದಲೇ ನಿಷೇಧಿಸಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಣ ಬಂತೆಂದು ಅವರು ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆ ತೆರೆದು ನೋಡಿ.

ಹಣ ಕೈಸೇರಿದ ಮೇಲೆ ಹೆಚ್ಚಿನವರು ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ. ದೊಡ್ಡ ತಪ್ಪು ಆಗುವುದೇ ಆಗ. ನಮ್ಮ ಅಪ್ಪ 2009ರಲ್ಲಿ ತಮ್ಮ ಹಳೆಯ ಓಮ್ನಿಯನ್ನು ಒಬ್ಬ ದಲ್ಲಾಳಿಗೆ ಕೊಟ್ಟಿದ್ದರು. ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ, ಹಣ ಎಣಿಸಿಕೊಂಡು ಬಂದರು. ಹೆಸರು ಅವರೇ ಬದಲಿಸಿಕೊಳ್ಳುತ್ತಾರೆ ಎಂಬ ನಂಬಿಕೆ. ಮೂರು ವರ್ಷದ ಮೇಲೆ ಬೇರೆ ಜಿಲ್ಲೆಯ ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಅಪ್ಪನ ಹೆಸರಿಗೆ ನೋಟಿಸ್ ಬಂತು. ಗಾಡಿ ಕೈಯಿಂದ ಕೈಗೆ ದಾಟಿತ್ತು, ಆರ್‌ಸಿಯಲ್ಲಿ ಹೆಸರು ಮಾತ್ರ ಅಪ್ಪನದೇ ಇತ್ತು. ಯಾರೋ ಪುಣ್ಯಾತ್ಮ ವಿಮೆ ಕಟ್ಟಿಕೊಂಡು ಬಂದಿದ್ದರಿಂದ ಪರಿಹಾರದ ಹಣ ನಮ್ಮ ತಲೆಯ ಮೇಲೆ ಬರಲಿಲ್ಲ. ಆದರೆ ಅಂಗಡಿ ಬಿಟ್ಟು, ಬಸ್ಸು ಹತ್ತಿ, ಕೋರ್ಟಿನ ಮೆಟ್ಟಿಲಿನಲ್ಲಿ ಕಾದ ದಿನಗಳನ್ನು ಅಪ್ಪ ಇವತ್ತಿಗೂ ಮರೆತಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2007ರಲ್ಲಿ ಕಾರು ಮಾರಿದ ಒಬ್ಬರ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾರು ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋಗಿ 2009ರಲ್ಲಿ ಅಪಘಾತವಾಯಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅಪಘಾತದಲ್ಲಿ ನೊಂದವರು ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕುತ್ತ ಅಲೆಯಬಾರದು ಎಂಬುದು ಆ ತೀರ್ಪಿನ ಹಿಂದಿನ ನ್ಯಾಯ. ಅದನ್ನು ಒಪ್ಪಲೇಬೇಕು. ಹಾಗಾದರೆ ಮಾರುವವರು ತಮ್ಮ ಹೆಸರನ್ನು ತಾವೇ ಮುಂದೆ ನಿಂತು ತೆಗೆಸಬೇಕು.

ಕಾಯ್ದೆಯ 50ನೇ ಕಲಂ ಹೇಳುವುದು ಹೀಗೆ: ಅದೇ ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಮಾರಿದವರು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಫಾರಂ 29 ಮಾರಾಟದ ತಿಳಿವಳಿಕೆ ಪತ್ರ, ಫಾರಂ 30 ವರ್ಗಾವಣೆಯ ಅರ್ಜಿ. ಬೇರೆ ರಾಜ್ಯಕ್ಕೆ ಹೋಗುವ ಗಾಡಿಯಾದರೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರವೂ ಬೇಕು. ಕೊಳ್ಳುವವರ ಹೆಸರು, ವಿಳಾಸ, ತಾರೀಕು ತುಂಬದ ಫಾರಂಗೆ ಸಹಿ ಹಾಕಲೇಬೇಡಿ. ಸಹಿ ಹಾಕಿದ ಪ್ರತಿಯೊಂದು ಹಾಳೆಯ ಫೋಟೋ ನಿಮ್ಮ ಹತ್ತಿರ ಇರಲಿ.

ನಾವು ಮಾಡಿದ ಕ್ರಮ ಇದು. ಆರ್‌ಟಿಒ ಕೆಲಸಕ್ಕೆ ಇಬ್ಬರೂ ಒಟ್ಟಿಗೆ ಹೋದೆವು. ಗಾಡಿ ಕೊಡುವಾಗ ಡೆಲಿವರಿ ನೋಟ್ ಬರೆದು ಎರಡು ಪ್ರತಿಗೆ ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಪಡೆದೆವು. ಅದರಲ್ಲಿ ಗಾಡಿಯ ನಂಬರು, ಚಾಸಿ ನಂಬರು, ಬೆಲೆ, ಮೀಟರ್ ತೋರಿಸಿದ ಕಿಲೋಮೀಟರ್ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ ತಾರೀಕಿನ ಜೊತೆಗೆ ಹೊತ್ತೂ ಇತ್ತು: ಬೆಳಿಗ್ಗೆ 10 ಗಂಟೆ 40 ನಿಮಿಷ. ಅದೇ ದಿನ ಸಂಜೆ ಆ ಗಾಡಿ ಸಿಗ್ನಲ್ ದಾಟಿದರೂ ದಂಡದ ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಹೊತ್ತು ಬರೆದ ಕಾಗದವಿದ್ದರೆ ಆಗ ಗಾಡಿ ಯಾರ ಕೈಯಲ್ಲಿತ್ತೆಂದು ತೋರಿಸಬಹುದು. ಆದರೆ ನೆನಪಿಡಿ, ಡೆಲಿವರಿ ನೋಟ್ ಹೆಸರು ಬದಲಾವಣೆಗೆ ಬದಲಿಯಲ್ಲ, ಅದು ನಡುವಿನ ದಿನಗಳ ಆಸರೆ ಮಾತ್ರ.

ಫಾಸ್ಟ್ಯಾಗ್ ಅನ್ನು ಆ ಹೊತ್ತಿಗೇ ಬ್ಯಾಂಕಿಗೆ ತಿಳಿಸಿ ಮುಚ್ಚಿಸಿದೆವು. ಮರೆತಿದ್ದರೆ ಅವನು ದಾಟುವ ಪ್ರತಿ ಟೋಲಿನ ಹಣ ನಮ್ಮ ಖಾತೆಯಿಂದ ಹೋಗುತ್ತಿತ್ತು. ವಿಮೆಯ ವಿಷಯವನ್ನು ಅವನಿಗೆ ಬಿಡಿಸಿ ಹೇಳಿದೆವು. ಗಾಡಿ ಮಾರಿದಾಗ ಮೂರನೆಯವರ ಹಾನಿಗೆ ಸಂಬಂಧಿಸಿದ ವಿಮೆ ಗಾಡಿಯ ಜೊತೆಗೇ ಹೋಗುತ್ತದೆ, ಆದರೆ ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಅವನ ಸ್ವಂತ ಗಾಡಿಗಾದ ಪೆಟ್ಟಿಗೆ ಹಣ ಬರದು. ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಮಾತ್ರ ಮಾಲೀಕರದು, ಗಾಡಿಯದಲ್ಲ. ಅದರ ಪತ್ರವನ್ನು ಕಂಪನಿಯಿಂದ ಪಡೆದಿಟ್ಟರೆ ಮುಂದಿನ ಗಾಡಿಗೆ ಉಪಯೋಗವಾಗುತ್ತದೆ.

ಅಲ್ಲಿಂದ ಮುಂದೆ ತಮ್ಮ ದಿನಾ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಪರಿವಾಹನ್ ತೆರೆದು ಗಾಡಿಯ ನಂಬರ್ ಹಾಕಿ ನೋಡುತ್ತಿದ್ದ. ಒಂದು ದಿನ ಮಾಲೀಕರ ಜಾಗದಲ್ಲಿ ಆ ಮೊಟ್ಟೆ ವ್ಯಾಪಾರಿಯ ಹೆಸರಿನ ಅಕ್ಷರಗಳು ಕಂಡವು. ಅಪ್ಪನನ್ನು ಕರೆದು ತೋರಿಸಿದ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಈಗ ಮಾರಿದ ಹಾಗಾಯ್ತು" ಎಂದರು.

ಈ ಅಂಕಣ ಓದುತ್ತಿರುವ ಬಹಳ ಜನರಿಗೆ ಗಾಡಿ ಮಾರುವ ಯೋಚನೆ ಸದ್ಯಕ್ಕೆ ಇರಲಿಕ್ಕಿಲ್ಲ. ನಾನು ಬರೆದದ್ದು ಮುಖ್ಯವಾಗಿ ನಿಮಗೇ. ಹಾಲಿನ ಗಾಡಿ, ತರಕಾರಿ ಗಾಡಿ, ಕೊರಿಯರ್ ವ್ಯಾನು, ಯಾವುದೇ ಇರಲಿ, ಇಂದು ಒಂದು ನೋಟ್‌ಬುಕ್ ತಂದು ಡ್ಯಾಶ್‌ಬೋರ್ಡಿನಲ್ಲಿಡಿ. ಮೊದಲ ಪುಟದಲ್ಲಿ ಇಂದಿನ ತಾರೀಕು, ಇಂದಿನ ಕಿಲೋಮೀಟರ್ ಬರೆಯಿರಿ. ಮುಂದಿನ ಆಯಿಲ್ ಬದಲಾವಣೆಯ ಬಿಲ್ಲನ್ನು ಎಸೆಯದೆ ಅದಕ್ಕೆ ಪಿನ್ನು ಹಾಕಿ. ಗಾಡಿಯನ್ನು ನೀವು ಚೆನ್ನಾಗಿ ನೋಡಿಕೊಂಡಿದ್ದೀರಿ ಎಂಬುದು ನಿಮಗೆ ಗೊತ್ತಿದ್ದರೆ ಸಾಲದು. ಐದಾರು ವರ್ಷದ ಮೇಲೆ ನಿಮ್ಮ ಬಾಗಿಲಿಗೆ ಬಂದು ಕಟ್ಟೆಯ ಮೇಲೆ ಕೂರುವ ಅಪರಿಚಿತ ಮೆಕ್ಯಾನಿಕ್ಕಿಗೂ ಅದು ಗೊತ್ತಾಗಬೇಕು. ಅವನು ನಂಬುವುದು ನಿಮ್ಮ ಮಾತನ್ನಲ್ಲ, ಆ ಪುಸ್ತಕವನ್ನು.